ಪಾಯದ ಮಣ್ಣು ಗೋಡೆಯಾಯಿತು, ಅಡುಗೆಮನೆ ಕಸ ಉರಿಯಾಯಿತು

ಹಳೆಯ ಮನೆಗೆ ಎರಡು ಕೋಣೆ ಸೇರಿಸಬೇಕಿತ್ತು. ಪಾಯ ತೋಡಿದ ದಿನ ಸಂಜೆ ಅಂಗಳದಲ್ಲಿ ಆಳೆತ್ತರದ ಮಣ್ಣಿನ ರಾಶಿ ಬಿದ್ದಿತ್ತು. "ನಾಳೆ ಲಾರಿ ಕರೆಸಿ ಎತ್ತಿಸಿಬಿಡೋಣ" ಅಂದರು ಮೇಸ್ತ್ರಿ. ಡೀಸೆಲ್ ಸುಟ್ಟು ಈ ಮಣ್ಣನ್ನು ಹೊರಗೆ ಸಾಗಿಸಬೇಕು, ಮತ್ತೆ ಡೀಸೆಲ್ ಸುಟ್ಟು ಇಟ್ಟಿಗೆ ತರಿಸಬೇಕು. ಆ ಇಟ್ಟಿಗೆಯೂ ಮಣ್ಣೇ ಅಲ್ವಾ? ಕಲ್ಲಿದ್ದಲನ್ನೋ ಸೌದೆಯನ್ನೋ ಉರಿಸಿ, ಗೂಡಿನಲ್ಲಿ ಸುಮಾರು 1000 ಡಿಗ್ರಿ ಶಾಖಕ್ಕೆ ಬೇಯಿಸಿದ ಮಣ್ಣು. ಲಾರಿ ಬೇಡ, ಇದೇ ಮಣ್ಣನ್ನು ಸುಡದೆ ಬ್ಲಾಕ್ ಒತ್ತಿ ಗೋಡೆ ಕಟ್ಟೋಣ ಎಂದೆ.

ಮೊದಲು ಮಾಡಿದ್ದು ಗಾಜಿನ ಭರಣಿಯ ಪರೀಕ್ಷೆ. ಮಣ್ಣನ್ನು ಜಲ್ಲಡಿ ಹಿಡಿದು ಭರಣಿಯ ಮೂರನೇ ಒಂದು ಭಾಗ ತುಂಬಿ, ನೀರು ಹಾಕಿ, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಅಲ್ಲಾಡಿಸಿ ಇಟ್ಟೆ. ಮರಳು ಒಂದೆರಡು ನಿಮಿಷದಲ್ಲೇ ತಳ ಹಿಡಿಯಿತು. ಅದರ ಮೇಲೆ ನುಣ್ಣನೆಯ ಗೋಡುಮಣ್ಣು. ಜೇಡಿ ಮಾತ್ರ ಪೂರ್ತಿ ಕೂರಲು ಮಾರನೇ ದಿನದವರೆಗೆ ಸಮಯ ತೆಗೆದುಕೊಂಡಿತು. ಸ್ಕೇಲ್ ಇಟ್ಟು ಅಳೆದರೆ ಜೇಡಿಯೇ ಮೂರನೇ ಒಂದು ಭಾಗ ಇತ್ತು. ಒತ್ತಿದ ಮಣ್ಣಿನ ಬ್ಲಾಕಿಗೆ ಇದು ಜಾಸ್ತಿ. ನೂರಕ್ಕೆ 10ರಿಂದ 15 ಭಾಗ ಜೇಡಿ, 65ರಿಂದ 70 ಭಾಗ ಮರಳು ಇದ್ದರೆ ಒಳ್ಳೆಯದು.

ಇದು ಗೊತ್ತಿದ್ದೂ ಅವಸರಪಟ್ಟೆ. ಮರಳನ್ನು ಸ್ವಲ್ಪವೇ ಬೆರೆಸಿ ನಲವತ್ತು ಬ್ಲಾಕ್ ಒತ್ತಿ ಬಿಸಿಲಲ್ಲಿ ಸಾಲಾಗಿ ಇಟ್ಟೆ. ಮೂರನೇ ದಿನ ಒಂದೊಂದರ ಮೇಲೂ ಕೂದಲೆಳೆಯ ಬಿರುಕು. ರಾತ್ರಿ ನೀರಲ್ಲಿ ಮುಳುಗಿಸಿಟ್ಟ ಬ್ಲಾಕಿನ ಅಂಚು ಬೆಳಿಗ್ಗೆ ಬೆರಳಿಗೆ ಪುಡಿಯಾಗಿ ಬಂತು. ಜೇಡಿ ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಬಿಸಿಲಿಗೆ ಮೇಲ್ಮೈ ಬೇಗ ಕುಗ್ಗಿ ಒಳಗಿನ್ನೂ ಒದ್ದೆಯಿದ್ದರೆ ಸೀಳದೆ ಇನ್ನೇನು ಮಾಡೀತು? ಆ ನಲವತ್ತನ್ನೂ ಪುಡಿ ಮಾಡಿ ನೆಲದ ಕೆಳಗೆ ತುಂಬಿಸಿದೆ.

ಎರಡನೇ ಸಲ ಜಲ್ಲಿ ಒಡೆಯುವ ಕಡೆ ಬಿದ್ದಿದ್ದ ಕಲ್ಲಿನ ಪುಡಿಯನ್ನು ತಂದು ಬೆರೆಸಿದೆ. ಅಲ್ಲಿ ಅದೂ ಬೇಡದ ವಸ್ತುವೇ. ತೂಕದ ಲೆಕ್ಕದಲ್ಲಿ ನೂರಕ್ಕೆ 7 ಭಾಗ ಸಿಮೆಂಟ್ ಸೇರಿಸಿದೆ. ನೀರು ಎಷ್ಟು ಅನ್ನೋದೇ ಇಲ್ಲಿ ದೊಡ್ಡ ಪ್ರಶ್ನೆ. ಇದಕ್ಕೊಂದು ಸುಲಭದ ಉಪಾಯ ಇದೆ. ಕಲಸಿದ ಮಣ್ಣನ್ನು ಮುಷ್ಟಿಯಲ್ಲಿ ಉಂಡೆ ಕಟ್ಟಿ ಎದೆಯೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ಚೂರಾದರೆ ಹದ ಸರಿ. ಪುಡಿಪುಡಿಯಾದರೆ ನೀರು ಸಾಲದು. ಒಡೆಯದೆ ಚಪ್ಪಟೆಯಾಗಿ ಕೂತರೆ ನೀರು ಹೆಚ್ಚಾಗಿದೆ. ನಾವು ಪ್ರತಿ ಕಲಸಿಗೂ ಉಂಡೆ ಬಿಡುತ್ತಿದ್ದೆವು. ಬೆಳಿಗ್ಗೆ ಸರಿಯಿದ್ದ ಹದ ಮಧ್ಯಾಹ್ನದ ಬಿಸಿಲಿಗೆ ತಪ್ಪಿಹೋಗುತ್ತದೆ.

ಯಂತ್ರ ಕೈಯಿಂದಲೇ ಒತ್ತುವಂಥದ್ದು. ಕರೆಂಟೂ ಬೇಡ, ಎಣ್ಣೆಯೂ ಬೇಡ. ಕೊಲಂಬಿಯಾದ ಬೊಗೋಟಾದಲ್ಲಿ ರೌಲ್ ರಾಮಿರೆಸ್ ಎಂಬ ಎಂಜಿನಿಯರ್ 1950ರ ದಶಕದಲ್ಲಿ ರೂಪಿಸಿದ ಸಿನ್ವಾ-ರಾಮ್ ಎಂಬ ಒತ್ತುಯಂತ್ರದ ವಂಶದ್ದು ಇದು. ಉದ್ದನೆಯ ಸನ್ನೆಗೆ ಇಬ್ಬರು ಜೋತುಬಿದ್ದರೆ ಸುಮಾರು ಎಂಟು ಕೆಜಿ ತೂಕದ ಬ್ಲಾಕ್ ಮೇಲೆದ್ದು ಬರುತ್ತದೆ. ಸಿಮೆಂಟ್ ಬೆರೆಸಿದ ಮಣ್ಣನ್ನು ಒಂದು ಗಂಟೆಯೊಳಗೆ ಒತ್ತಿ ಮುಗಿಸಬೇಕು. ಹಾಗಾಗಿ ಸ್ವಲ್ಪ ಸ್ವಲ್ಪವೇ ಕಲಸುತ್ತಿದ್ದೆವು. ಒತ್ತಿದ ಮೇಲೆ ನೆರಳಲ್ಲಿಟ್ಟು, ಹಳೆ ಗೋಣಿಚೀಲ ಹೊದಿಸಿ, ಮೂರು ವಾರ ನೀರುಣಿಸಿದೆವು. ಈ ಬಾರಿ ಒಂದು ಬ್ಲಾಕ್ ಮೂರು ದಿನ ನೀರಲ್ಲಿ ಮುಳುಗಿದ್ದರೂ ಅಂಚು ಬಿಡಲಿಲ್ಲ. ಅದನ್ನು ಎತ್ತಿ ಬೆರಳಿನ ಗೆಣ್ಣಿನಿಂದ ತಟ್ಟಿದಾಗ ಬಂದ ಗಟ್ಟಿ ಸದ್ದು ಕೇಳಿ ಮೇಸ್ತ್ರಿಯೂ ನಕ್ಕರು.

ಹಾಗಾದರೆ ಸಿಮೆಂಟ್ ಬಳಸಿದಂತೆಯೇ ಆಯಿತಲ್ಲ ಎಂದು ಕೇಳುವವರಿದ್ದಾರೆ. ನಿಜ, ಬಳಸಿದೆ. ಆದರೆ ಒಂದು ಬ್ಲಾಕಿಗೆ ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಸಿಮೆಂಟ್ ಕಡಿಮೆ ಮಾಡಲೇಬೇಕು ಅಂತ ಹಟ ಹಿಡಿಯಲು ಕಾರಣ ಇದೆ. ಸಿಮೆಂಟ್ ಮಾಡಲು ಸುಣ್ಣದಕಲ್ಲನ್ನು ಕಾಯಿಸಿದಾಗ ಕಲ್ಲಿನೊಳಗಿನಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಶುದ್ಧವಾದ 100 ಕೆಜಿ ಸುಣ್ಣದಕಲ್ಲಿನಿಂದ 56 ಕೆಜಿ ಸುಣ್ಣ, 44 ಕೆಜಿ ಅನಿಲ. ಸಿಮೆಂಟ್ ಗೂಡಿನ ಸುಮಾರು 1450 ಡಿಗ್ರಿ ಶಾಖಕ್ಕೆ ಉರಿಸುವ ಇಂಧನದ ಹೊಗೆ ಬೇರೆ. ಗೂಡನ್ನು ನಾಳೆ ಬಿಸಿಲಿನಿಂದಲೇ ಕಾಯಿಸಿದರೂ ಕಲ್ಲಿನಿಂದ ಬರುವ ಆ ಪಾಲು ತಪ್ಪುವುದಿಲ್ಲ. ಇದು ಅರ್ಥವಾದ ದಿನದಿಂದ ಒಂದು ಬಾಂಡ್ಲಿ ಸಿಮೆಂಟ್ ಸುಮ್ನೆ ವೇಸ್ಟ್ ಆದರೂ ನನಗೆ ಸಂಕಟವಾಗುತ್ತದೆ.

ಹಳೆ ಮನೆಯ ಒಂದು ಗೋಡೆ ಕೆಡವಬೇಕಾಗಿ ಬಂತು. ಅದರಲ್ಲಿ ಎರಡು ಬಗೆಯ ಗಾರೆ ಇತ್ತು. ಸುಣ್ಣದ ಗಾರೆಯಲ್ಲಿ ಕಟ್ಟಿದ ಕಡೆ ಇಟ್ಟಿಗೆಗಳು ಎರಡೇಟಿಗೆ ಇಡಿಯಾಗಿ ಬಿಟ್ಟುಕೊಂಡವು. ಆಮೇಲೆ ಸಿಮೆಂಟಿನಲ್ಲಿ ರಿಪೇರಿ ಮಾಡಿದ ಕಡೆ ಗಾರೆಗಿಂತ ಮೊದಲು ಇಟ್ಟಿಗೆಯೇ ಒಡೆಯಿತು. ಅದನ್ನು ನೋಡಿದ ಮೇಲೆ ಹೊಸ ಗೋಡೆಯ ಗಾರೆಗೆ ಸುಣ್ಣ, ಮಣ್ಣು, ಮರಳು ಮತ್ತು ಚೂರೇ ಚೂರು ಸಿಮೆಂಟ್ ಹಾಕಿಸಿದೆ. ಮುಂದೆ ಯಾರಾದರೂ ಈ ಗೋಡೆ ಬಿಚ್ಚಿದರೆ ಬ್ಲಾಕ್ ಇಡಿಯಾಗಿಯೇ ಸಿಗಲಿ. ಬಾಗಿಲು, ಕಿಟಕಿ ಚೌಕಟ್ಟು ಎಲ್ಲ ಹಳೆಯವೇ. ಮೇಲ್ಛಾವಣಿಗೆ ಮಾತ್ರ ಕಬ್ಬಿಣ, ಕಾಂಕ್ರೀಟ್ ತಪ್ಪಲಿಲ್ಲ. ಆದರೂ ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತ ತಡೆಯುವುದು ಕಬ್ಬಿಣ, ಅಲ್ಲಿನ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಕಂಬಿಗಳ ನಡುವೆ ಹಳೆಯ ಹೆಂಚು ಜೋಡಿಸಿ ಅಷ್ಟು ಕಾಂಕ್ರೀಟ್ ಉಳಿಸಿದೆವು. ಲೆಕ್ಕ ಹಾಕಿಕೊಟ್ಟವರು ಎಂಜಿನಿಯರ್. ಇದನ್ನು ಅಂದಾಜಿನಲ್ಲಿ ಮಾಡಬೇಡಿ.

ಇನ್ನು ಕರೆಂಟು. ಛಾವಣಿ ಮುಗಿದ ಕೂಡಲೇ 3 ಕಿಲೋವ್ಯಾಟ್ ಸೋಲಾರ್ ಪ್ಯಾನೆಲ್ ಹಾಕಿಸುವ ಉತ್ಸಾಹ ಇತ್ತು. ಸದ್ಯ, ಅದಕ್ಕೂ ಮೊದಲು ಒಂದು ತಿಂಗಳು ದಿನಾ ಬೆಳಿಗ್ಗೆ ಮೀಟರ್ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ದಿನಕ್ಕೆ 9 ಯೂನಿಟ್. ಎಲ್ಲಿಗೆ ಹೋಗುತ್ತಿದೆ ಎಂದು ಒಂದೊಂದನ್ನೇ ಅಳೆದೆ. ಹಳೆ ಫ್ರಿಜ್ಜಿನ ಬಾಗಿಲ ರಬ್ಬರ್ ಸಡಿಲವಾಗಿತ್ತು. ಕಾಗದದ ಚೂರು ಸಿಕ್ಕಿಸಿ ಎಳೆದರೆ ಸಲೀಸಾಗಿ ಬರುತ್ತಿತ್ತು. ಫ್ಯಾನುಗಳು ತಲಾ 75 ವ್ಯಾಟ್ ತಿನ್ನುತ್ತಿದ್ದವು. ಈಗಿನ ಬಿಎಲ್‌ಡಿಸಿ (ಬ್ರಶ್ ಇಲ್ಲದ ಮೋಟಾರಿನ) ಫ್ಯಾನು ಅದೇ ಗಾಳಿಗೆ 30 ವ್ಯಾಟಿನಲ್ಲಿ ಮುಗಿಸುತ್ತದೆ. ನೀರು ಕಾಯಿಸಲು ನೇರ ಬಿಸಿಲಿನ ಹೀಟರ್ ಹಾಕಿದೆ. ರಬ್ಬರ್, ಫ್ಯಾನು, ಹೀಟರ್ ಇಷ್ಟರಲ್ಲೇ ಖರ್ಚು ನಾಲ್ಕೂವರೆ ಯೂನಿಟ್ಟಿಗೆ ಇಳಿಯಿತು. 2 ಕಿಲೋವ್ಯಾಟ್ ಪ್ಯಾನೆಲ್ಲೇ ಧಾರಾಳವಾಯಿತು. ಇಂಡಕ್ಷನ್ ಒಲೆಗೂ ಅದರಲ್ಲೇ ಸಾಕಷ್ಟು ಉಳಿಯುತ್ತದೆ.

ಪ್ಯಾನೆಲ್ ಕೂರಿಸುವ ಮೊದಲು ಒಂದು ದಿನ ಪೂರ್ತಿ ಛಾವಣಿಯ ಮೇಲಿದ್ದು, ಗಂಟೆಗೊಮ್ಮೆ ನೀರಿನ ಟ್ಯಾಂಕಿನ ನೆರಳಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಮಧ್ಯಾಹ್ನ ಮೂರಕ್ಕೆ ನೆರಳು ಪ್ಯಾನೆಲ್ಲಿಗೆಂದು ಗುರುತು ಮಾಡಿದ್ದ ಜಾಗಕ್ಕೆ ಬಂದುಬಿಟ್ಟಿತು. ಪ್ಯಾನೆಲ್ಲಿನ ಕೋಶಗಳು ಸಾಲಾಗಿ ಒಂದಕ್ಕೊಂದು ಜೋಡಿಸಿಕೊಂಡಿರುತ್ತವೆ. ಮೂಲೆಯ ಒಂದೆರಡು ಕೋಶಕ್ಕೆ ನೆರಳು ಬಿದ್ದರೂ ಆ ಸಾಲಿನ ಕರೆಂಟೆಲ್ಲ ಕುಗ್ಗುತ್ತದೆ. ಟ್ಯಾಂಕನ್ನೇ ಆಚೆ ಸರಿಸಿದೆವು. ಇನ್ನೊಂದು ವಿಷಯ. ಪ್ಯಾನೆಲ್ಲಿಗೆ ಬೆಳಕು ಬೇಕು, ಬಿಸಿ ಆಗದು. 25 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿಗೂ ನೂರಕ್ಕೆ 0.3ರಿಂದ 0.4ರಷ್ಟು ಕೊಡುವುದು ಕಡಿಮೆಯಾಗುತ್ತದೆ. ಅದಕ್ಕೇ ಅಡಿಯಲ್ಲಿ ಗಾಳಿಯಾಡಲು ಗೇಣಗಲ ಜಾಗ ಬಿಡಿಸಿದೆ.

ನನಗೆ ಎಲ್ಲಕ್ಕಿಂತ ಪ್ರೀತಿಯ ಕೆಲಸ ಸಗಣಿ, ಅಡುಗೆಮನೆ ಕಸದಿಂದ ಒಲೆಗೆ ಗ್ಯಾಸ್ ಮಾಡುವ ತೊಟ್ಟಿ. ಸಾವಿರ ಲೀಟರಿನ ಒಂದು ಪ್ಲಾಸ್ಟಿಕ್ ಟ್ಯಾಂಕ್, ಅದರೊಳಗೆ ಬೋರಲಾಗಿ ತೇಲುವ ಇನ್ನೊಂದು ಟ್ಯಾಂಕ್. ಸಗಣಿಗೆ ಅಷ್ಟೇ ನೀರು ಬೆರೆಸಿ ತುಂಬಿಸಿ ಕಾದೆ. ಎರಡನೇ ವಾರ ಮೇಲಿನ ಟ್ಯಾಂಕ್ ಎದ್ದಿತು, ಆದರೆ ಗ್ಯಾಸ್ ಹತ್ತಲಿಲ್ಲ. ಮೊದಮೊದಲು ಬರುವುದರಲ್ಲಿ ಗಾಳಿಯೂ ಇಂಗಾಲದ ಡೈಆಕ್ಸೈಡೂ ಹೆಚ್ಚು. ಅದನ್ನು ಬೆಂಕಿಯಿಲ್ಲದ ಬಯಲಿನಲ್ಲಿ ಹೊರಗೆ ಬಿಡಬೇಕು. ಮೂರನೇ ವಾರ ಕತ್ತಲಲ್ಲಿ ಬರ್ನರಿನ ಸುತ್ತ ತೆಳು ನೀಲಿ ಉಂಗುರ ಕಂಡಿತು. ಹಗಲಲ್ಲಾಗಿದ್ದರೆ ಉರಿಯುತ್ತಿದೆ ಎಂದೇ ಗೊತ್ತಾಗುತ್ತಿರಲಿಲ್ಲ, ಅಷ್ಟು ನವಿರು.

ಆಮೇಲೆ ತಪ್ಪಾಯಿತು. ದಿನಕ್ಕೆ ಎರಡು ಕೆಜಿ ಅಡುಗೆಮನೆ ಕಸ ಅರೆದು ಹಾಕುತ್ತಿದ್ದವನು, ಮನೆಗೆ ಜನ ಬಂದಿದ್ದ ದಿನ ಉಳಿದದ್ದನ್ನೆಲ್ಲ ಸೇರಿಸಿ ಒಮ್ಮೆಗೇ ಎಂಟು ಕೆಜಿ ಸುರಿದೆ. ಎರಡು ದಿನಕ್ಕೆ ಉರಿ ಕುಗ್ಗಿ, ನಾಲ್ಕನೇ ದಿನ ಆರಿಹೋಯಿತು. ತೊಟ್ಟಿಯಿಂದ ಹುಳಿ ನಾತ. ಹುಳಿ ಅಳೆಯುವ ಪಿಎಚ್ ಕಾಗದ 5.5 ತೋರಿಸಿತು (ಅಂಕಿ ಇಳಿದಷ್ಟೂ ಹುಳಿ ಹೆಚ್ಚು), ಇರಬೇಕಾದ್ದು 7ರ ಆಸುಪಾಸು. ತೊಟ್ಟಿಯಲ್ಲಿ ಎರಡು ಬಗೆಯ ಜೀವಾಣುಗಳಿವೆ. ಕಸವನ್ನು ಆಮ್ಲ ಮಾಡುವವು ಚುರುಕು. ಆ ಆಮ್ಲವನ್ನು ತಿಂದು ಮೀಥೇನ್ ಎಂಬ ಉರಿಯುವ ಅನಿಲ ಕೊಡುವವು ನಿಧಾನ. ನಾನು ಮೊದಲಿನವಕ್ಕೆ ಔತಣ ಹಾಕಿ ಎರಡನೆಯವನ್ನು ಹುಳಿಯಲ್ಲಿ ಮುಳುಗಿಸಿದ್ದೆ. ಕಸ ಹಾಕುವುದನ್ನು ಪೂರ್ತಿ ನಿಲ್ಲಿಸಿ, ಸ್ವಲ್ಪ ಸುಣ್ಣದ ನೀರು, ದಿನಾ ಒಂದಿಷ್ಟು ಸಗಣಿ ನೀರು ಕೊಟ್ಟೆ. ಹದಿನೇಳು ದಿನ ಬೇಕಾಯಿತು ಉರಿ ಮರಳಿ ಬರಲು.

ಈಗ ಎರಡು ಕೆಜಿ ಕಸಕ್ಕೆ ಹೆಚ್ಚುಕಡಿಮೆ ಮುಕ್ಕಾಲು ಗಂಟೆ ಒಂದು ಒಲೆ ಉರಿಯುತ್ತದೆ. ಇಡೀ ಮನೆಯ ಅಡುಗೆಗೆ ಅದು ಸಾಲದು. ಉಳಿದದ್ದು ಇಂಡಕ್ಷನ್ ಒಲೆಯಲ್ಲಿ, ಬಿಸಿಲಿರುವಾಗಲೇ ಮುಗಿಸುತ್ತೇವೆ. ಸಿಲಿಂಡರ್ ತರಿಸುವುದು ನಿಂತಿದೆ. ಆದರೆ ಕಸದ ಲೆಕ್ಕ ನನಗೆ ಇನ್ನೂ ದೊಡ್ಡದು. ಇದೇ ಕಸ ತಿಪ್ಪೆಯಲ್ಲಿ ರಾಶಿ ಬಿದ್ದು ಗಾಳಿಯಿಲ್ಲದೆ ಕೊಳೆತಿದ್ದರೂ ಮೀಥೇನ್ ಕೊಡುತ್ತಿತ್ತು, ಅದು ನೇರ ಆಕಾಶಕ್ಕೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಭೂಮಿಯನ್ನು ಬಿಸಿ ಮಾಡುವುದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು. ಅದಕ್ಕೇ ವಾರಕ್ಕೊಮ್ಮೆ ಪೈಪಿನ ಪ್ರತಿ ಕೀಲಿಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದಾ ನೋಡುತ್ತೇನೆ. ಸೋರಿದರೆ ಮಾಡಿದ ಕೆಲಸವೆಲ್ಲ ನೀರುಪಾಲು. ತೊಟ್ಟಿಯಿಂದ ಹೊರಬರುವ ಸ್ಲರಿ, ಅಂದರೆ ಕೊಳೆತ ಕಸದ ಬಗ್ಗಡ, ಗಿಡಗಳಿಗೆ ಹೋಗುತ್ತದೆ.

ಚಳಿ ಬಂದಾಗ ಗ್ಯಾಸ್ ಅರ್ಧಕ್ಕೆ ಇಳಿಯುತ್ತದೆ. ಈ ಜೀವಾಣುಗಳಿಗೆ 35 ಡಿಗ್ರಿಯ ಬೆಚ್ಚಗೆ ಇಷ್ಟ. ಈ ವರ್ಷ ತೊಟ್ಟಿಯ ಸುತ್ತ ಉಳಿದ ಮಣ್ಣಿನ ಬ್ಲಾಕಿನ ಗೋಡೆ ಎಬ್ಬಿಸಿ, ನಡುವೆ ಒಣಹುಲ್ಲು ತುಂಬಿದ್ದೇನೆ. ಕಸ ಅರೆಯಲು ಬಿಸಿಲು ಹೀಟರಿನ ಉಗುರುಬೆಚ್ಚಗಿನ ನೀರು ಬಳಸುತ್ತೇನೆ. ನಿನ್ನೆ ಬೆಳಿಗ್ಗೆ ಉರಿ ನಿಂತದ್ದು ಮೂವತ್ತೆಂಟನೇ ನಿಮಿಷಕ್ಕೆ. ಹೋದ ವರ್ಷ ಇದೇ ಚಳಿಯಲ್ಲಿ ಇಪ್ಪತ್ತೆರಡಕ್ಕೆ ಆರುತ್ತಿತ್ತು ಎಂದು ನೋಟ್‌ಬುಕ್ಕಿನಲ್ಲಿದೆ.