ಹಾಲು ಎನ್ನಲಾಗದಿದ್ದರೆ ಪಾಲು ಎನ್ನಿ

ಧ್ವನಿಪೆಟ್ಟಿಗೆ ತೆಗೆಸಿಕೊಂಡ ತಿಪಟೂರು ಕಡೆಯ ಹಾಲಿನ ವ್ಯಾಪಾರಿಯೊಬ್ಬರು ಕಳೆದ ತಿಂಗಳು ಗಿರಾಕಿಯ ಬಾಗಿಲಲ್ಲಿ ನಿಂತು, ‘ಹಾಲು’ ಎನ್ನುವ ಬದಲು ‘ಪಾಲು’ ಎಂದರು. ಒಳಗಿದ್ದವರಿಗೆ ಕೇಳಿಸಿತು. ‘ಇವರಿಗೆ ಇನ್ನು ಮಾತು ಬರುವುದಿಲ್ಲ, ಮೇಷ್ಟ್ರೇ, ಸುಮ್ಮನೆ ಯಾಕೆ ಹಿಂಸೆ?’ ಎಂದು ಹಿಂದೆ ನನಗೆ ಹೇಳಿದವರು ಮೂವರು. ಅವರಲ್ಲೊಬ್ಬರು ಮಾತಿನ ಚಿಕಿತ್ಸಕರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

2013ರಲ್ಲಿ ಕ್ಯಾನ್ಸರ್ ಎಂದು ನನ್ನ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದರು. 28 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವನು ಸ್ಲೇಟಿನಲ್ಲಿ ಬರೆದು ಹೆಂಡತಿಯ ಹತ್ತಿರ ಉಪ್ಪು ಕೇಳುವಂತಾಯಿತು. ಉಸಿರಾಡಲೆಂದು ಕುತ್ತಿಗೆಯಲ್ಲಿ ಮಾಡಿದ ರಂಧ್ರಕ್ಕೆ ಬಟ್ಟೆ ಕಟ್ಟಿಕೊಂಡು ಒಂದು ವರ್ಷ ಜಗಲಿ ಬಿಟ್ಟು ಇಳಿಯಲಿಲ್ಲ. ಅನ್ನನಾಳದ ಧ್ವನಿ, ಅಂದರೆ ಬಾಯಿಯ ಗಾಳಿಯನ್ನು ಅನ್ನನಾಳಕ್ಕೆ ತಳ್ಳಿ ತೇಗಿನಂತೆ ಹೊರಬಿಟ್ಟು ಆಡುವ ಮಾತು, ಕಲಿಯಲು ಹತ್ತು ತಿಂಗಳು ಹಿಡಿಯಿತು. ಕಲಿತ ಮೇಲೂ ಯಾರ ಜೊತೆ ಆಡಬೇಕು ಎಂದು ತಿಳಿಯಲಿಲ್ಲ.

ಬೆಂಗಳೂರಿನ ಆಸ್ಪತ್ರೆಯೊಂದರ ನರ್ಸ್ ಒಬ್ಬರು, ಮರುದಿನ ಶಸ್ತ್ರಚಿಕಿತ್ಸೆಯಿದ್ದ ರೋಗಿಯ ಹತ್ತಿರ ನನ್ನನ್ನು ಕರೆದೊಯ್ದರು. ಆತ ಕೇಳಿದ ಪ್ರಶ್ನೆ ಒಂದೇ: ‘ಆಮೇಲೆ ಅತ್ತರೆ ಸದ್ದು ಬರುತ್ತದೆಯೇ?’ ‘ನಗುವಿಗೂ ಬಾರದು’ ಎಂದೆ, ನಡುವೆ ಎರಡು ಸಲ ಗಾಳಿ ತೆಗೆದುಕೊಂಡು. ಆತ ನಕ್ಕುಬಿಟ್ಟ. ಅಂದಿನಿಂದ ನನ್ನಂಥವರಿಗೆ ಮಾತು ಕಲಿಸಲು ಪ್ರತಿ ಗುರುವಾರ ತುಮಕೂರಿನಿಂದ ಬೆಳಗಿನ ರೈಲು. ಹಿಂದಿನ ರಾತ್ರಿಯೇ ಷರ್ಟಿಗೆ ಇಸ್ತ್ರಿ ಹಾಕಿಟ್ಟುಕೊಳ್ಳುತ್ತೇನೆ, ಶಾಲೆಗೆ ಹೋಗುತ್ತಿದ್ದಾಗಿನಂತೆ.

ಮೊದಲ ಎರಡು ವರ್ಷ ಎಲ್ಲವೂ ಕೆಟ್ಟಿತು. ಆರು ಜನರನ್ನು ಒಂದೇ ಕೋಣೆಯಲ್ಲಿ ಕೂರಿಸಿ ತರಗತಿ ಮಾಡಿದೆ. ಒಬ್ಬರ ಮುಂದೊಬ್ಬರು ತೇಗಲು ನಾಚಿ ಇಬ್ಬರು ಬರುವುದನ್ನೇ ಬಿಟ್ಟರು. ತೇಗು ಬರಲೆಂದು ಕ್ರೇಟುಗಟ್ಟಲೆ ಗೋಲಿ ಸೋಡ ತರಿಸಿದೆ. ಮಾತು ಬರಲಿಲ್ಲ, ಹೊಟ್ಟೆಯುಬ್ಬರ ಬಂತು. ಪಿಂಚಣಿಯಿಂದ 18,000 ರೂಪಾಯಿ ಚಿಲ್ಲರೆ ಕೊಟ್ಟು, ಗಂಟಲಿಗೆ ಒತ್ತಿ ಹಿಡಿಯುವ ವಿದ್ಯುತ್ ಧ್ವನಿಯಂತ್ರವೊಂದನ್ನು ಹಳೆಯದೇ ಕೊಂಡೆ, ಬೇಕಾದವರಿಗೆ ಎರವಲು ಕೊಡೋಣವೆಂದು. ಮೂರನೆಯವರು ಒಯ್ದದ್ದು ಇಂದಿಗೂ ಹಿಂತಿರುಗಿಲ್ಲ. ರೈಲು, ಊಟ, ಕನ್ನಡಿ, ಸೋಡ ಎಲ್ಲ ಸೇರಿಸಿದರೆ ಇಲ್ಲಿಯವರೆಗೆ ಎರಡು ಲಕ್ಷಕ್ಕೆ ಸ್ವಲ್ಪ ಕಡಿಮೆ ಕೈಬಿಟ್ಟಿರಬೇಕು. ಹೆಂಡತಿಯ ಲೆಕ್ಕದಲ್ಲಿ ಎರಡು ಲಕ್ಷ ದಾಟಿದೆ. ಬೆಂಗಳೂರಿನ ಕ್ಯಾನ್ಸರ್ ಶಸ್ತ್ರಚಿಕಿತ್ಸಕ ಡಾ. ವಿಶಾಲ್ ರಾವ್ ‘ಓಂ’ ಧ್ವನಿಸಾಧನ ರೂಪಿಸಿದ್ದಾರೆ; ಬಂದ ಹೊಸದರಲ್ಲಿ ಅದರ ಬೆಲೆ ಸುಮಾರು 50 ರೂಪಾಯಿ ಇತ್ತು. ಗಂಟಲಲ್ಲಿ ಅಂಥ ಸಾಧನ ಕೂರಿಸಿಕೊಳ್ಳಬಲ್ಲವರು ಧಾರಾಳವಾಗಿ ಕೂರಿಸಿಕೊಳ್ಳಲಿ. ನನ್ನ ಹತ್ತಿರ ಬರುವವರು ಅದೂ ಆಗದವರು.

ದಾರಿ ಸಿಕ್ಕಿದ್ದು ವರ್ಣಮಾಲೆಯ ಕ್ರಮ ಬಿಟ್ಟಾಗ. ‘ಅ’ದಿಂದ ಹಿಡಿದು ಸ್ವರಗಳನ್ನೇ ತಿದ್ದಿಸುತ್ತಿದ್ದೆ, ಮೇಷ್ಟರ ಚಾಳಿ. ಪ, ತ, ಕ ಎನ್ನುವಾಗ ಬಾಯಿಯ ಗಾಳಿ ತಾನಾಗಿ ಅನ್ನನಾಳದೊಳಗೆ ಒತ್ತಿಕೊಳ್ಳುತ್ತದೆ. ಕನ್ನಡದ ಒತ್ತಕ್ಷರ ಆ ಕೆಲಸವನ್ನು ಇನ್ನೂ ಸಲೀಸು ಮಾಡುತ್ತದೆ: ತಪ್ಪು, ಪಕ್ಕ, ತಾತಪ್ಪ, ಕಪ್ಪೆ. ಎಲ್ಲರಿಗೂ ಮೊದಲು ‘ಅಮ್ಮ’ ಎನ್ನುವ ಆಸೆ. ಆ ಅನುನಾಸಿಕ ಅಷ್ಟು ಬೇಗ ಒಲಿಯುವುದಿಲ್ಲ, ಹಟ ಬೇಡ.

ದೊಡ್ಡ ಶತ್ರು ‘ಹ’. ಶ್ವಾಸಕೋಶದ ಗಾಳಿಯೇ ಬಾಯಿಗೆ ಬಾರದವನು ಹಾಲು, ಹಣ, ಹೋಗು ಎನ್ನುವುದು ಹೇಗೆ? ಹಕಾರ ನುಂಗಿ ‘ಆಲು’ ಎನ್ನುವ ನಮ್ಮ ಹಳ್ಳಿಯವರಿಗೆ ಕಷ್ಟವಿಲ್ಲ. ಆದರೆ ಸ್ವರದಿಂದ ಶುರುವಾಗುವ ಮಾತು ಹೊಸಬರಿಗೆ ಏಳುವುದೇ ಇಲ್ಲ. ಒಂದು ದಿನ ರೈಲಿನಲ್ಲಿ, ನಾನು ಒಂಬತ್ತನೇ ತರಗತಿಗೆ ಬೋರ್ಡಿನ ಮೇಲೆ ಬರೆಯುತ್ತಿದ್ದ ಪಾಠ ನೆನಪಾಯಿತು: ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುತ್ತದೆ. ಪಾಲ್, ಪೂ, ಪಲ್, ಪೋಗು. ನಾನು ಅದನ್ನು ತಲೆಕೆಳಗು ಮಾಡಿದೆ. ಹಾಲಿನವರಿಗೆ ‘ಪಾಲು’ ಮೂರನೇ ಗುರುವಾರಕ್ಕೆ ಬಂತು. ಗಿರಾಕಿಗಳು ‘ಯಾವಾಗ ತಮಿಳರಾದಿರಿ?’ ಎಂದು ನಕ್ಕರಂತೆ. ಅವರ ತಮ್ಮ ಮಾತ್ರ, ಅಣ್ಣ ಜಮೀನಿನಲ್ಲಿ ಪಾಲು ಕೇಳುತ್ತಿದ್ದಾನೆಂದು ಎರಡು ದಿನ ಮುಖ ಊದಿಸಿಕೊಂಡಿದ್ದರು.

ಇಷ್ಟರ ಜೊತೆಗೆ ಕುತ್ತಿಗೆ ತಿರುಗಿಸುವ ಒಂದು ಉಪಾಯವೂ ಇದೆ. ಅದನ್ನು ಎದುರಿಗೆ ಕುಳಿತವರಿಗೆ ಮಾತ್ರ ತೋರಿಸುತ್ತೇನೆ, ಬರೆಯುವುದಿಲ್ಲ.

ಉಸಿರು ಮೂಗಿನಲ್ಲಿ ಆಡದ ನಮಗೆ ವಾಸನೆಯೂ ತಿಳಿಯದು. ನಡುವೆ ಅದರ ಹಿಂದೆಯೂ ಬಿದ್ದಿದ್ದೆ. ತುಟಿ ಮುಚ್ಚಿಕೊಂಡೇ ಆಕಳಿಸಿದರೆ ಮೂಗಿಗೆ ಚೂರು ಗಾಳಿ ಹೋಗುತ್ತದೆ. ಇಂಗು ಒಂದು ವಾರಕ್ಕೆ ಸಿಕ್ಕಿತು, ಕಾಫಿಗೆ ತಿಂಗಳು ಬೇಕಾಯಿತು, ಮಲ್ಲಿಗೆ ಇನ್ನೂ ಸಿಕ್ಕಿಲ್ಲ.

ಈವರೆಗೆ ಸುಮಾರು 40 ಜನ ಬಂದಿದ್ದಾರೆ, 22–23 ಮಂದಿ ಮಾತಾಡುತ್ತಾರೆ. ಒಬ್ಬ ಹೆಂಗಸು, ತೇಗಿನ ಮಾತಿನ ಗಂಡಸಿನಂಥ ದನಿ ಬೇಡವೆಂದು ಸ್ಲೇಟಿನಲ್ಲೇ ಉಳಿದರು. ಅವರಿಗೆ ಏನೂ ಮಾಡಲಾಗಲಿಲ್ಲ. ಮೊನ್ನೆ ಬಂದ ಹೊಸಬರದು ಹನುಮನ ಹೆಸರು. ಹಕಾರಕ್ಕೆ ಪಕಾರ ಹಾಕಿ ಎಂದೆ. ಬಳಪ ಕಿತ್ತುಕೊಂಡು ಬರೆದರು: ‘ದೇವರ ಹೆಸರು ಕೆಡಿಸಬೇಡಿ ಮೇಷ್ಟ್ರೇ.’ ಬರುವ ಗುರುವಾರದೊಳಗೆ ಬೇರೆ ಏನಾದರೂ ಹುಡುಕಬೇಕು.