ಕಬ್ಬಿನ ಚೈನಿನ ಪಿನ್ನಿಗೆ ಇಎನ್8 ಸಾಕು

ಮಹಾಲಿಂಗಪುರದ ಕಡೆಯ ಒಂದು ಬೆಲ್ಲದ ಗಾಣಕ್ಕೆ ನಾನು ಮಾಡಿಕೊಟ್ಟ ಪಿನ್ನುಗಳು ಎರಡು ಸೀಸನ್ ದಾಟಿವೆ. ಕಬ್ಬು ಎಳೆಯುವ ಕ್ಯಾರಿಯರ್ ಚೈನಿನ 25 ಎಂಎಂ ಪಿನ್ನು. ಮಾಲು ಇಎನ್8, ಅಂದರೆ ಮಧ್ಯಮ ಕಾರ್ಬನ್ನಿನ ಉಕ್ಕು. ಇಲ್ಲಿ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಕೇಳಿದವರೆಲ್ಲ ಇಎನ್24 (ನಿಕ್ಕಲ್, ಕ್ರೋಮಿಯಂ ಬೆರೆತ ದುಬಾರಿ ಉಕ್ಕು) ಇಲ್ಲದೆ ಆಗೋದಿಲ್ಲ ಅಂದಿದ್ದರು. ಗಾಣದ ಮಾಲೀಕರೂ, "ಇಷ್ಟು ಅಗ್ಗದ ಮಾಲು ಯಾಕ್ರೀ?" ಅಂದರು.

ಮೊದಲು ಎಂಎಸ್ (ಮೆದುವಾದ ಸಾದಾ ಉಕ್ಕು) ಹಾಕಿದ್ದೆ. ಕಬ್ಬಿನ ಜೊತೆ ಮಣ್ಣು ಬರುತ್ತದೆ, ಮೇಲೆ ಹುಳಿ ರಸ. ಇಪ್ಪತ್ತು ದಿನಕ್ಕೇ ಪಿನ್ನು ಒಂದು ಕಡೆ ಸವೆದು, ಚೈನು ಉದ್ದವಾಗಿ ಹಲ್ಲು ಬಿಟ್ಟು ಹಾರತೊಡಗಿತು. ಆಮೇಲೆ ಇಎನ್24 ತಂದು ಪೂರ್ತಿ, ಗಡಸುತನದ ಅಳತೆಯಲ್ಲಿ 54-55 ಎಚ್‌ಆರ್‌ಸಿಗೆ ಗಡಸು ಮಾಡಿಸಿದೆ. ಕಬ್ಬಿನ ಹೊರೆ ಸಿಕ್ಕಿಕೊಂಡ ದಿನ ಎರಡು ಪಿನ್ನು ಪಟ್ ಅಂತ ಹೋದವು. ಸ್ವಲ್ಪವೂ ಬಾಗಿರಲಿಲ್ಲ. ಮುರಿದ ಮುಖ ಸಕ್ಕರೆ ಹರಳಿನ ಹಾಗೆ ಹೊಳೆಯುತ್ತಿತ್ತು. ತಪ್ಪು ಮಾಲಿನದಲ್ಲ, ಒಳಗಿನವರೆಗೂ ಗಡಸು ಮಾಡಿಸಿದ್ದು ನನ್ನ ತಪ್ಪು. ಕೈಯಿಂದ ಹದಿನೆಂಟು ಸಾವಿರ ಹೋಯಿತು.

ನಡುವೆ ಪಿನ್ನು, ಅದು ಕೂರುವ ಕೊಳವೆ ಅಂದರೆ ಬುಶ್ಶು, ಎರಡನ್ನೂ ಎಸ್‌ಎಸ್ 304 ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿ ನೋಡಿದೆ. ತುಕ್ಕು ಇಲ್ಲ, ನಿಜ. ಆದರೆ ಒಂದನ್ನೊಂದು ಕಚ್ಚಿ ಹಿಡಿದವು. ಹೊರಗೆ ತೆಗೆಯಲು ಕತ್ತರಿಸಲೇಬೇಕಾಯಿತು.

ಬೇಕಿದ್ದದ್ದು ಮೇಲೆ ಗಡಸು, ಒಳಗೆ ಮೆದು. ಇಎನ್8ನ 0.4 ಪರ್ಸೆಂಟ್ ಕಾರ್ಬನ್ ಅದಕ್ಕೆ ಸಾಕು. ಗ್ರೈಂಡಿಂಗಿಗೆ 0.3 ಎಂಎಂ ಬಿಟ್ಟು ಲೇತಿನಲ್ಲಿ ಟರ್ನಿಂಗ್, ಎರಡು ಎಂಎಂ ಆಳಕ್ಕೆ ಇಂಡಕ್ಷನ್ (ವಿದ್ಯುತ್ತಿನಿಂದ ಮೇಲ್ಮೈ ಮಾತ್ರ ಕಾಯಿಸಿ, ತಣಿಸಿ ಗಡಸು ಮಾಡೋದು), ಆಮೇಲೆ ಗ್ರೈಂಡಿಂಗ್.

ಮೊದಲ 80 ಪಿನ್ನು ಇಂಡಕ್ಷನ್‌ನಿಂದ ಮೆದುವಾಗಿಯೇ ವಾಪಸ್ ಬಂದವು. ಇಎನ್8 ಅಂತ ಕೊಟ್ಟ ಬಾರು (ಉಕ್ಕಿನ ಸರಳು) ಎಂಎಸ್ ಆಗಿತ್ತು! ಈಗ ಪ್ರತಿ ಬಾರನ್ನೂ ಗ್ರೈಂಡರಿಗೆ ಹಿಡಿದು ಕಿಡಿ ನೋಡುತ್ತೇನೆ. ಎಂಎಸ್ ಕಿಡಿ ಉದ್ದ ಗೆರೆಯಾಗಿ ಹೋಗುತ್ತದೆ, ಇಎನ್8ನದು ಜಾಸ್ತಿ ಕವಲೊಡೆದು ಚಿಟಪಟ ಸಿಡಿಯುತ್ತದೆ. ಗೊತ್ತಿರುವ ಒಂದು ತುಂಡು ಪಕ್ಕದಲ್ಲಿಟ್ಟು ಹೋಲಿಸಿದರೆ ಮೋಸ ಆಗೋದಿಲ್ಲ.

ಬುಶ್ಶಿನ ಗಡಸುತನ ಪಿನ್ನಿಗಿಂತ ಎಷ್ಟು ಕಡಿಮೆ ಇಟ್ಟಿದ್ದೇನೆ ಅನ್ನೋದನ್ನ ಮಾತ್ರ ಇಲ್ಲಿ ಬರೆಯೋದಿಲ್ಲ. ಮೂರು ಸಲ ಸೋತು ಕಲಿತದ್ದು ಅದು.

ಪಿನ್ನಿಗೆ ಇಎನ್24ಗಿಂತ ಹೆಚ್ಚುಕಡಿಮೆ ಅರ್ಧ ಖರ್ಚು. ಹೋದ ಸೀಸನ್ ಮುಗಿದಾಗ ಬಿಚ್ಚಿ ಮೈಕ್ರೋಮೀಟರ್ ಹಿಡಿದೆ. ಸವೆದದ್ದು ಅರ್ಧ ಎಂಎಂ ಒಳಗೇ. ಅದೇ ಮಾಲೀಕರು ಈ ಸಲ ತಮ್ಮ ಅಣ್ಣನ ಗಾಣಕ್ಕೂ 120 ಪಿನ್ನು ಹೇಳಿದ್ದಾರೆ, ಅಡ್ವಾನ್ಸ್ ಸಮೇತ.