ಡ್ರಾಯಿಂಗ್ ಶೀಟಿನ ಮೇಲೆ ಮಂಗಳನ ದಾರಿ

ನಾನು ಸರ್ವೆ ಕೆಲಸದವನು. ಇಪ್ಪತ್ತೆರಡು ವರ್ಷದಿಂದ ಹೊಲ, ರಸ್ತೆ, ಲೇಔಟ್ ಅಳೆಯುತ್ತಾ ಬಂದಿದ್ದೇನೆ. ಹೊಳೆಯಾಚೆಯ ಮರ ಎಲ್ಲಿದೆ ಅಂತ ತಿಳಿಯಲು ನಾವು ಹೊಳೆ ದಾಟುವುದಿಲ್ಲ. ಈ ದಡದಲ್ಲೇ ಎರಡು ಸ್ಟೇಷನ್ (ನಿಂತು ಅಳೆಯುವ ಜಾಗ) ಹಾಕಿ, ಎರಡೂ ಕಡೆಯಿಂದ ಮರದ ಕೋನ ಓದುತ್ತೇವೆ. ಎರಡು ಗೆರೆ ಕೂಡುವ ಜಾಗವೇ ಮರ. ನಾನೂರು ವರ್ಷದ ಹಿಂದಿನ ಖಗೋಳಜ್ಞ ಕೆಪ್ಲರ್ ಮಂಗಳ ಗ್ರಹದ ದಾರಿಯನ್ನು ಹಿಡಿದದ್ದೂ ಹೀಗೇ ಅಂತ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಾನೂ ಮಾಡಿ ನೋಡಬೇಕು ಅನ್ನಿಸಿತು.

ಆದರೆ ಮರ ನಿಂತಲ್ಲೇ ನಿಂತಿರುತ್ತದೆ, ಮಂಗಳ ಓಡುತ್ತಿರುತ್ತದೆ. ನಾವು ನಿಂತ ಭೂಮಿಯೂ ಓಡುತ್ತಿದೆ. ಹಾಗಿದ್ದರೆ ಎರಡು ಸ್ಟೇಷನ್‌ನಿಂದ ನೋಡುವುದು ಹೇಗೆ? ಕೆಪ್ಲರ್ ಕಂಡುಕೊಂಡ ಉಪಾಯ ಇದು. ಮಂಗಳ ಸೂರ್ಯನನ್ನು ಒಂದು ಸುತ್ತು ಬರಲು 687 ದಿನ ಬೇಕು. ಇವತ್ತು ಎಲ್ಲಿದೆಯೋ, 687 ದಿನ ಬಿಟ್ಟು ಮತ್ತೆ ಅಲ್ಲಿಗೇ ಬಂದಿರುತ್ತದೆ. ಅಷ್ಟು ದಿನದಲ್ಲಿ ಭೂಮಿಯ ಎರಡು ಸುತ್ತು ಮುಗಿದಿರುವುದಿಲ್ಲ. ಇನ್ನೂ 43 ದಿನ ಚಿಲ್ಲರೆಯ ದಾರಿ ಬಾಕಿ ಇರುತ್ತದೆ. ಮರ ಒಂದೇ, ಸ್ಟೇಷನ್ ಮಾತ್ರ ಎರಡಾಯಿತು.

ಕೋನಗಳನ್ನು ಅಳೆದು ಬರೆದಿಟ್ಟವನು ಟೈಕೋ ಬ್ರಾಹೆ. ಡೆನ್ಮಾರ್ಕಿಗೆ ಸೇರಿದ್ದ ಹ್ವೆನ್ ದ್ವೀಪದಲ್ಲಿ ಇಪ್ಪತ್ತು ವರ್ಷ ಕೂತು, ದೂರದರ್ಶಕವೇ ಇಲ್ಲದ ಕಾಲದಲ್ಲಿ, ಬರಿಗಣ್ಣಲ್ಲಿ ಅಳೆದ. ಅವನ ಐದು ಜೋಡಿ ಅಳತೆ ನನಗೆ ಒಂದು ಪಠ್ಯಪುಸ್ತಕದಲ್ಲಿ ಸಿಕ್ಕವು. ಪ್ರತಿ ಜೋಡಿಯ ನಡುವೆ ಸರಿಯಾಗಿ 687 ದಿನ.

ಎ-2 ಅಳತೆಯ ಡ್ರಾಯಿಂಗ್ ಶೀಟು ತಂದೆ. ನಡುವೆ ಸೂರ್ಯ ಅಂತ ಒಂದು ಚುಕ್ಕೆ. ಅದರ ಸುತ್ತ 10 ಸೆಂ.ಮೀ. ತ್ರಿಜ್ಯದಲ್ಲಿ ಕೈವಾರದಿಂದ ಎಳೆದ ವೃತ್ತ ಭೂಮಿಯ ದಾರಿ. ಮೊದಲ ಜೋಡಿ 1585ರ ಫೆಬ್ರವರಿ 17 ಮತ್ತು 1587ರ ಜನವರಿ 5. ಸೂರ್ಯನಿಂದ ನೋಡಿದರೆ ಭೂಮಿ ಮೊದಲ ದಿನ 159 ಡಿಗ್ರಿ 23 ಮಿನಿಟಿನಲ್ಲಿತ್ತು (ಒಂದು ಡಿಗ್ರಿಗೆ 60 ಮಿನಿಟು), ಎರಡನೇ ದಿನ 115 ಡಿಗ್ರಿ 21 ಮಿನಿಟಿನಲ್ಲಿ. ಭೂಮಿಯಿಂದ ನೋಡಿದರೆ ಮಂಗಳ ಮೊದಲ ದಿನ 135 ಡಿಗ್ರಿ 12 ಮಿನಿಟು, ಎರಡನೇ ದಿನ 182 ಡಿಗ್ರಿ 8 ಮಿನಿಟು.

ಇಲ್ಲಿ ನಾನು ಒಂದು ಸಂಜೆ ಪೂರ್ತಿ ಕಳೆದುಕೊಂಡೆ. ಮಂಗಳನ ಕೋನವನ್ನು ಸೂರ್ಯ–ಭೂಮಿ ಗೆರೆಯಿಂದ ಅಳೆಯುತ್ತಿದ್ದೆ. ಗೆರೆಗಳು ಎಲ್ಲೆಲ್ಲೋ ಹೋಗಿ ಕೂಡುತ್ತಿದ್ದವು. ಸೊನ್ನೆ ಡಿಗ್ರಿಯ ದಿಕ್ಕು ಶೀಟಿನ ತುಂಬಾ ಒಂದೇ, ಸರ್ವೆಯಲ್ಲಿ ಉತ್ತರ ದಿಕ್ಕು ಇದ್ದ ಹಾಗೆ. ಅದು ಹೊಳೆದ ಮೇಲೆ, ಶೀಟಿನ ಎಲ್ಲಿಗೆ ಸರಿಸಿದರೂ ಸ್ಕೇಲಿನ ದಿಕ್ಕು ಬದಲಾಗದ ನನ್ನ ಹಳೆಯ ಡ್ರಾಫ್ಟರ್ ಹೊರತೆಗೆದೆ. ಆಮೇಲೆ ಒಂದು ಜೋಡಿಗೆ ಐದು ನಿಮಿಷ ಸಾಕಾಯಿತು. ನೀವೂ ಮಾಡುವುದಾದರೆ ಇದೊಂದನ್ನು ಮರೆಯಬೇಡಿ.

ಮೊದಲ ಜೋಡಿಯ ಗೆರೆಗಳು ಸೂರ್ಯನಿಂದ 16.9 ಸೆಂ.ಮೀ. ದೂರದಲ್ಲಿ ಕೂಡಿದವು. ಎರಡನೇ ಜೋಡಿ (1591ರ ಸೆಪ್ಟೆಂಬರ್ 19, 1593ರ ಆಗಸ್ಟ್ 6) ಹೆಚ್ಚುಕಮ್ಮಿ ಅದರ ಎದುರು ದಿಕ್ಕಿನಲ್ಲಿ 13.8 ಸೆಂ.ಮೀ.ಗೆ ಕೂಡಿತು. ಒಂದು ಕಡೆ 16.9, ಇನ್ನೊಂದು ಕಡೆ 13.8! ಸೂರ್ಯ ನಡುವೆ ಇಲ್ಲ ಅನ್ನುವುದು ಶೀಟಿನ ಮೇಲೆ ಕಣ್ಣಿಗೇ ಕಾಣುತ್ತಿತ್ತು. ಎಷ್ಟು ಓರೆಯಾಗಿದೆ ಅಂತ, ಎರಡು ದೂರಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ ಲೆಕ್ಕ ಹಾಕಿದರೆ 0.10 ಬಂತು. ಪುಸ್ತಕದಲ್ಲಿ ಇರುವುದು 0.093. ಬರಿಗಣ್ಣಿನ ಅಳತೆಗೆ ಇಷ್ಟು ತಪ್ಪು ಇರಬಹುದು ಅಂದುಕೊಂಡು ಸುಮ್ಮನಾದೆ.

ತಪ್ಪು ಟೈಕೋದಲ್ಲ, ನನ್ನದು. ಒಂದು ವಾರ ಕಳೆದ ಮೇಲೆ ತಲೆಗೆ ಹೋಯಿತು. ಮರ ತಪ್ಪು ಜಾಗದಲ್ಲಿ ಬಿದ್ದರೆ ಸರ್ವೆಯರ್ ಮೊದಲು ನೋಡಬೇಕಾದ್ದು ಸ್ಟೇಷನ್ ಸರಿ ಇದೆಯಾ ಅಂತ ಅಲ್ವಾ? ನನ್ನ ಸ್ಟೇಷನ್ ಭೂಮಿ. ಅದರ ದಾರಿಯ ನಟ್ಟನಡುವೆ ಸೂರ್ಯನನ್ನು ಇಟ್ಟುಬಿಟ್ಟಿದ್ದೆ. ನಿಜಕ್ಕೂ ಸೂರ್ಯ ಭೂಮಿಯ ದಾರಿಗೂ ನಡುವಿನಲ್ಲಿಲ್ಲ. 10 ಸೆಂ.ಮೀ. ವೃತ್ತದಲ್ಲಿ 1.7 ಮಿ.ಮೀ. ಪಕ್ಕಕ್ಕಿದೆ. ಚಳಿಗಾಲದಲ್ಲಿ ಭೂಮಿ ಇರುವ ಕಡೆಗೆ ಸೂರ್ಯ ಅಷ್ಟು ಹತ್ತಿರ.

ಹೊಸ ಶೀಟಿನಲ್ಲಿ ಆ 1.7 ಮಿ.ಮೀ. ಸರಿಸಿ ಮತ್ತೆ ಎಳೆದೆ. 16.9 ಇದ್ದದ್ದು 16.7 ಆಯಿತು. 13.8 ಹಾಗೇ ಉಳಿಯಿತು. ಈಗ ಓರೆ 0.095! ಹ್ವೆನ್‌ನಲ್ಲಿ ನಾಲ್ಕು ಶತಮಾನದ ಹಿಂದೆ ಒಬ್ಬ ಓದಿದ ಕೋನ, ನನ್ನ ಪೆನ್ಸಿಲ್ಲು, ನಡುವೆ ಬೇರೇನೂ ಇಲ್ಲ. ಆ ಹೊತ್ತು ನನ್ನ ಕೈ ನಡುಗಿದ್ದು ನಿಜ.

ಕೆಪ್ಲರ್ ಕೂಡ ಮೊದಲು ಭೂಮಿಯನ್ನೇ ಸರಿ ಮಾಡಿದ್ದು. ಟೈಕೋ ಲೆಕ್ಕದಲ್ಲಿ ಸೂರ್ಯ ನಡುವಿನಿಂದ ಎಷ್ಟು ಸರಿದಿದ್ದನೋ ಅದನ್ನು ಅರ್ಧಕ್ಕೆ ಇಳಿಸಿದ. ಭೂಮಿಯೂ ಬೇರೆ ಗ್ರಹಗಳ ಹಾಗೆ ಒಮ್ಮೆ ಜೋರಾಗಿ, ಒಮ್ಮೆ ನಿಧಾನವಾಗಿ ಓಡುತ್ತದೆ ಅಂತ ತೋರಿಸಿದ. ಅವನ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಗ್ರಹದ ದಾರಿ ವೃತ್ತವಲ್ಲ, ದೀರ್ಘವೃತ್ತ ಅನ್ನುವ ಮೊದಲ ನಿಯಮ ಬಂದದ್ದು ಆಮೇಲೆ.

ದೀರ್ಘವೃತ್ತದ ವಿಷಯದಲ್ಲಿ ಶಾಲೆಯ ಪುಸ್ತಕದ ಚಿತ್ರ ನಮ್ಮನ್ನು ದಾರಿ ತಪ್ಪಿಸುತ್ತದೆ. ಅಲ್ಲಿ ಕಕ್ಷೆಯನ್ನು ಚಪ್ಪಟೆ ಮಾಡಿ ಬರೆದಿರುತ್ತಾರೆ. ನನ್ನ ಶೀಟಿನಲ್ಲಿ ಮಂಗಳನ ಕಕ್ಷೆಯ ಉದ್ದದ ಅರ್ಧ 15.25 ಸೆಂ.ಮೀ. ಅಗಲದ ಅರ್ಧ ಅದಕ್ಕಿಂತ ಎಷ್ಟು ಕಡಿಮೆ ಗೊತ್ತಾ? ಬರೀ 0.7 ಮಿ.ಮೀ. ನನ್ನ ಪೆನ್ಸಿಲಿನ ಕಡ್ಡಿಯೇ 0.5 ಮಿ.ಮೀ. ದಪ್ಪ. ಆದರೆ ಸೂರ್ಯ ನಡುವಿನಿಂದ 1.4 ಸೆಂ.ಮೀ. ಪಕ್ಕಕ್ಕೆ ಕೂತಿದೆ. ಅಂದರೆ ಕಣ್ಣಿಗೆ ಅದು ವೃತ್ತವೇ, ಸೂರ್ಯ ಮಾತ್ರ ನಡುವಿಲ್ಲ. ಉಳಿದ ಮೂರು ಬಿಂದುಗಳು ಗೆರೆಯಿಂದ ಒಂದು ಮಿಲಿಮೀಟರ್ ಆಚೀಚೆ ಬಿದ್ದವು. ನನ್ನ ಶೀಟು ಇಟ್ಟುಕೊಂಡು ಅದು ವೃತ್ತವೋ ದೀರ್ಘವೃತ್ತವೋ ಹೇಳಲು ಆಗುವುದೇ ಇಲ್ಲ.

ಹಾಗಾದರೆ ಕೆಪ್ಲರ್ ಹೇಗೆ ಹೇಳಿದ? ಗೆರೆ ಎಳೆದಲ್ಲ, ಲೆಕ್ಕ ಮಾಡಿ. 1600ರಲ್ಲಿ ಟೈಕೋ ಹತ್ತಿರ ಬಂದಾಗ ಮಂಗಳನ ಲೆಕ್ಕವನ್ನು ಎಂಟು ದಿನದಲ್ಲಿ ಮುಗಿಸುತ್ತೇನೆ ಅಂದಿದ್ದನಂತೆ. ದೀರ್ಘವೃತ್ತ ಕೈಗೆ ಬಂದದ್ದು 1605ರಲ್ಲಿ. ಮೊದಲು ವೃತ್ತವನ್ನೇ ಹಿಡಿದು ಎಪ್ಪತ್ತು ಸಲ ಲೆಕ್ಕ ಮಾಡಿದ. ಕೊನೆಗೂ 8 ಮಿನಿಟಿನ ವ್ಯತ್ಯಾಸ ಉಳಿಯಿತು. ಹುಣ್ಣಿಮೆ ಚಂದ್ರನ ಅಗಲದ ಕಾಲುಭಾಗ ಅಷ್ಟೇ. ನನ್ನ ಕೋನಮಾಪಕದಲ್ಲಿ ಅದು ಕಾಣುವುದೂ ಇಲ್ಲ. ಆದರೆ ಟೈಕೋ ಅಷ್ಟು ತಪ್ಪು ಅಳೆಯುವವನಲ್ಲ ಅಂತ ಅವನಿಗೆ ನಂಬಿಕೆ ಇತ್ತು. ಅಷ್ಟು ವರ್ಷದ ಲೆಕ್ಕವನ್ನು ಪಕ್ಕಕ್ಕಿಟ್ಟ. ಮೊಟ್ಟೆ ಆಕಾರ ಹಾಕಿ ನೋಡಿದ, ಅದೂ ಕೂಡಲಿಲ್ಲ. ಆಮೇಲೆ ದೀರ್ಘವೃತ್ತ. ಪುಸ್ತಕ ಅಚ್ಚಾದದ್ದು 1609ರಲ್ಲಿ.

ಸೂರ್ಯನಿಂದ ಗ್ರಹಕ್ಕೆ ಎಳೆದ ಗೆರೆ ಸಮ ಕಾಲದಲ್ಲಿ ಸಮ ವಿಸ್ತೀರ್ಣ ದಾಟುತ್ತದೆ ಅನ್ನುವ ಕೆಪ್ಲರನ ಎರಡನೇ ನಿಯಮ ಟೈಕೋನ ಅದೇ ಅಳತೆಗಳ ಕೋಷ್ಟಕದಲ್ಲಿ ಸಿಕ್ಕಿತು. ನಾನು ಹುಡುಕಿರಲಿಲ್ಲ. ಪ್ರತಿ ಜೋಡಿಯಲ್ಲೂ ಭೂಮಿಯ ಎರಡು ಜಾಗಗಳ ನಡುವೆ 43 ದಿನ ಚಿಲ್ಲರೆಯ ದಾರಿ ಇದೆ ಅಂದೆನಲ್ಲ. ಜನವರಿ–ಫೆಬ್ರವರಿಯ ಜೋಡಿಯಲ್ಲಿ ಆ ದಾರಿ 44 ಡಿಗ್ರಿ 2 ಮಿನಿಟು. ಆಗಸ್ಟ್–ಸೆಪ್ಟೆಂಬರ್ ಜೋಡಿಯಲ್ಲಿ 42 ಡಿಗ್ರಿ 21 ಮಿನಿಟು. ಸೂರ್ಯನ ಹತ್ತಿರ ಇದ್ದಾಗ ಓಟ ಜಾಸ್ತಿ. ಎರಡೂ ಕಡೆ ಸೂರ್ಯನಿಂದ ಗೆರೆ ಎಳೆದು, ಹೊಲದ ವಿಸ್ತೀರ್ಣ ತೆಗೆಯುವ ಹಾಗೆ ಆ ಎರಡು ತುಂಡುಗಳ ವಿಸ್ತೀರ್ಣ ತೆಗೆದೆ. ಎರಡೂ 37 ಚದರ ಸೆಂ.ಮೀ. ಚಿಲ್ಲರೆ ಬಂದವು. ಒಂದು ತುಂಡು ಗಿಡ್ಡ ಮತ್ತು ಅಗಲ, ಇನ್ನೊಂದು ಉದ್ದ ಮತ್ತು ಕಿರಿದು, ವಿಸ್ತೀರ್ಣ ಮಾತ್ರ ಒಂದೇ.

ನಮ್ಮ ಪಂಚಾಂಗದಲ್ಲೂ ಇದು ಕೂತಿದೆ. ಸೂರ್ಯ ಮಿಥುನ ರಾಶಿಯಲ್ಲಿ 31 ದಿನಕ್ಕಿಂತ ಜಾಸ್ತಿ ಇರುತ್ತಾನೆ, ಧನುವಿನಲ್ಲಿ 29 ದಿನ ಚಿಲ್ಲರೆ ಅಷ್ಟೇ. ಧನುರ್ಮಾಸ ಬೇಗ ಮುಗಿಯುವುದು ಆಗ ಭೂಮಿ ಸೂರ್ಯನ ಹತ್ತಿರ ಜೋರಾಗಿ ಓಡುತ್ತಿರುವುದರಿಂದ.

ಭೂಮಿಯ ದೂರವನ್ನೂ ವರ್ಷವನ್ನೂ ಒಂದು ಅಂತ ಇಟ್ಟರೆ, ಗ್ರಹದ ದೂರದ ಘನವೂ ಅದರ ವರ್ಷದ ವರ್ಗವೂ ಒಂದೇ ಅನ್ನುವುದು ಮೂರನೇ ನಿಯಮ. ಅದಕ್ಕೆ ಕೆಪ್ಲರ್ 1618ರವರೆಗೆ ಕಾಯಬೇಕಾಯಿತು. ನನಗೆ ಕ್ಯಾಲ್ಕುಲೇಟರಿನಲ್ಲಿ ಒಂದು ನಿಮಿಷ. ಮಂಗಳನ ದೂರ ಭೂಮಿಯ 1.525ರಷ್ಟು, ಅದರ ಘನ 3.55. ಮಂಗಳನ ವರ್ಷ ನಮ್ಮ 1.881 ವರ್ಷ, ಅದರ ವರ್ಗ 3.54.

ಈಗ ನನ್ನದೇ ಒಂದು ಜೋಡಿ ಮಾಡುತ್ತಿದ್ದೇನೆ. 2025ರ ಜನವರಿ 16, ಸಂಕ್ರಾಂತಿ ಆಗಿ ಎರಡು ದಿನ, ಮಂಗಳ ಸೂರ್ಯನಿಗೆ ನೇರ ಎದುರಿಗಿತ್ತು. ಪುನರ್ವಸುವಿನ ಎರಡು ನಕ್ಷತ್ರಗಳ ಪಕ್ಕದಲ್ಲಿ ಕೆಂಪಗೆ ಉರಿಯುತ್ತಿತ್ತು. ಆ ನಕ್ಷತ್ರಗಳಿಂದ ಅದರ ದೂರ ಅಳೆದು ಫೀಲ್ಡ್ ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಅಲ್ಲಿಂದ 687 ದಿನಕ್ಕೆ 2026ರ ಡಿಸೆಂಬರ್ 4 ಬರುತ್ತದೆ. ಆ ದಿನ ಮಂಗಳ ತನ್ನ ದಾರಿಯಲ್ಲಿ ಅದೇ ಜಾಗಕ್ಕೆ ಬಂದಿರುತ್ತದೆ, ನಮಗೆ ಕಾಣುವುದು ಮಾತ್ರ ಮಖಾ ನಕ್ಷತ್ರದ ಹತ್ತಿರ. ಮಧ್ಯರಾತ್ರಿ ಕಳೆದ ಮೇಲೆ ಪೂರ್ವಕ್ಕೆ ನೋಡಬೇಕು. ಮೂರನೇ ಶೀಟು ತಂದಿಟ್ಟಿದ್ದೇನೆ. ಸೂರ್ಯನನ್ನು 1.7 ಮಿ.ಮೀ. ಸರಿಸಿಯೇ ವೃತ್ತ ಎಳೆದಾಗಿದೆ.